ದಯಾಳು ಗಡ್ಡೆ

ನನಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ ಎಂದು ಉದಕಮಂಡಲದಲ್ಲಿ ಮೊದಲು ಹೇಳಿದವನು ನಾನೇ. ಬಹಳ ಕಾಲದವರೆಗೆ ಹಾಗೆ ಹೇಳುತ್ತಿದ್ದವನೂ ನಾನೊಬ್ಬನೇ.

ಮೊದಲ ಮಹಾಯುದ್ಧ ಮುಗಿದು ನಾಲ್ಕೈದು ವರ್ಷ ಕಳೆದಿರಬೇಕು. ನನಗೆ ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸು. ಗೂಡಲೂರಿನಲ್ಲಿ ಮೈಸೂರು ರಸ್ತೆಯ ಬದಿಗೆ ನಮ್ಮ ತಂದೆಯವರ ಉಪ್ಪು, ಬೆಲ್ಲ, ಸೀಮೆಎಣ್ಣೆಯ ಅಂಗಡಿ ಇತ್ತು. ಮನೆಯೊಳಗೆ ಕನ್ನಡ, ಅಂಗಡಿಯ ಮುಂದೆ ತಮಿಳು, ಘಟ್ಟದ ಕೆಳಗಿನಿಂದ ಬರುವ ಗಾಡಿಯವರೊಡನೆ ಮಲಯಾಳಂ, ಬೆಟ್ಟದಿಂದ ಇಳಿದು ಬರುವ ಬಡಗರೊಡನೆ ಅವರ ಮಾತು. ಇಷ್ಟನ್ನು ನಾನು ಯಾವ ಶ್ರಮವೂ ಇಲ್ಲದೆ ಕಲಿತೆ. ಆದ್ದರಿಂದಲೇ ಅವುಗಳ ಬಗ್ಗೆ ನನಗೆ ಯಾವ ಗೌರವವೂ ಇರಲಿಲ್ಲ. ಗೌರವವೆಲ್ಲ ಇಂಗ್ಲಿಷಿಗೆ ಮೀಸಲು. ಅದಕ್ಕಾಗಿ ಮೈಸೂರಿಗೆ ಹೋಗಿ ಸೋದರಮಾವನ ಮನೆಯಲ್ಲಿ ಉಳಿದು, ಮೆಟ್ರಿಕ್ಯುಲೇಷನ್‌ಗೆ ಎರಡು ಸಲ ಕಟ್ಟಿ, ಎರಡು ಸಲವೂ ಬಿದ್ದು ವಾಪಸು ಬಂದಿದ್ದೆ. ಬಿದ್ದದ್ದು ಗಣಿತದಲ್ಲಿ, ಇಂಗ್ಲಿಷಿನಲ್ಲಲ್ಲ ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದೆ. ಇಂಗ್ಲಿಷಿನಲ್ಲಿ ದಾಟಿದ್ದು ಎರಡೇ ಅಂಕಗಳಿಂದ ಎಂಬುದನ್ನು ಈ ಬರಹದಲ್ಲಿಯೇ ಮೊದಲ ಬಾರಿಗೆ ಹೇಳುತ್ತಿದ್ದೇನೆ.

ಊಟಿಯ ಒಂದು ಆಸ್ಪತ್ರೆಯಲ್ಲಿ ಇಂಗ್ಲಿಷ್ ಡಾಕ್ಟರಿಗೆ ದುಭಾಷಿ ಬೇಕೆಂದು ಗೊತ್ತಾಗಿ, ತಂದೆಯವರ ಕರಿಕೋಟು ತೊಟ್ಟು ಹೋಗಿ ನಿಂತೆ. ಡಾಕ್ಟರು ಎತ್ತರದ ಆಳು, ಮಾತು ಕಡಿಮೆ. "ಬೆಟ್ಟದವರ ಭಾಷೆ ಬರುತ್ತದೆಯೋ?" ಎಂದು ಕೇಳಿದರು. ಬರುತ್ತದೆ ಎಂದೆ. "ಇಂಗ್ಲಿಷ್?" ಎಂದರು. ಆ ಪ್ರಶ್ನೆಯನ್ನು ಅವರು ಇಂಗ್ಲಿಷಿನಲ್ಲಿಯೇ ಕೇಳಿದ್ದರಿಂದ, ಅದು ನನಗೆ ಅರ್ಥವಾದದ್ದರಿಂದ, ಪರೀಕ್ಷೆ ಮುಗಿಯಿತೆಂದು ಇಬ್ಬರೂ ತಿಳಿದೆವು. ಮಾರನೆಯ ದಿನದಿಂದ ಕೆಲಸ.

ಕೆಲಸ ಕಷ್ಟದ್ದಲ್ಲ. ರೋಗಿ ಹೇಳಿದ್ದನ್ನು ಡಾಕ್ಟರಿಗೆ, ಡಾಕ್ಟರು ಹೇಳಿದ್ದನ್ನು ರೋಗಿಗೆ ಮುಟ್ಟಿಸುವುದು. ನಾನು ಬಂದ ಮೇಲೆ ಬೆಟ್ಟದವರು ಆಸ್ಪತ್ರೆಗೆ ಬರುವುದು ಹೆಚ್ಚಿತೆಂದು ನನ್ನ ಭಾವನೆ. ಆ ವರ್ಷ ಹಟ್ಟಿಗಳಲ್ಲಿ ಕೆಮ್ಮು ಹೆಚ್ಚಾಗಿತ್ತು ಎಂದು ನರ್ಸಮ್ಮ ಹೇಳುತ್ತಿದ್ದರು.

ಈ ನರ್ಸಮ್ಮ ಗೂಡಲೂರಿಗೂ ಕೆಳಗೆ ಮಲಯಾಳದ ಕಡೆಯವರು. ನನಗಿಂತ ಹತ್ತು ವರ್ಷ ದೊಡ್ಡವರು. ನನ್ನನ್ನು "ಸಾರೇ" ಎಂದು ಕರೆಯುತ್ತಿದ್ದರು. ಅದರಲ್ಲಿ ಮರ್ಯಾದೆ ಎಷ್ಟು, ಗೇಲಿ ಎಷ್ಟು ಎಂದು ಅಳೆಯುವ ಶಕ್ತಿ ಆಗ ನನಗಿರಲಿಲ್ಲ.

ಈಗ ಒಂದು ಶಬ್ದದ ವಿಷಯ ಹೇಳಬೇಕು. ನಾನು ಮೈಸೂರಿನಲ್ಲಿ ಓದುತ್ತಿದ್ದಾಗ ದೊಡ್ಡ ಅಧಿಕಾರಿಯೊಬ್ಬರು ಶಾಲೆ ನೋಡಲು ಬಂದಿದ್ದರು. ಹೆಡ್‌ಮಾಸ್ಟರು ಇಂಗ್ಲಿಷಿನಲ್ಲಿ ಬಿನ್ನವತ್ತಳೆ ಬರೆದು, ಗಂಟಲು ದೊಡ್ಡದೆಂಬ ಕಾರಣಕ್ಕೆ ನನ್ನ ಕೈಲಿ ಓದಿಸಿದರು. ಅದರಲ್ಲಿ ಅಧಿಕಾರಿಗಳ ಮನಸ್ಸನ್ನು 'ಬಿನೈನ್' ಎಂದು ಹೊಗಳಿತ್ತು. ಅರ್ಥ ಕೇಳಿದ್ದಕ್ಕೆ ಹೆಡ್‌ಮಾಸ್ಟರು, "ದಯಾಳು ಅಂತ ಕಣಯ್ಯ. ದಯೆಯುಳ್ಳದ್ದು, ಕೃಪೆಯುಳ್ಳದ್ದು" ಎಂದರು. ಆ ಶಬ್ದ ನನಗೆ ಬಹಳ ಹಿಡಿಸಿತು. ಕೊನೆಯಲ್ಲಿ ಮೂಗಿನೊಳಗೆ ಗಂಟೆ ಹೊಡೆದ ಹಾಗೆ ನಿಲ್ಲುತ್ತದೆ. ಅಂದಿನಿಂದ ಕಾಗದ ಬೇಗ ಕೊಟ್ಟ ಅಂಚೆಯವನೂ ಬಿನೈನ್, ಎರಡನೇ ಸಲ ಸಾರು ಬಡಿಸಿದ ಅತ್ತೆಯೂ ಬಿನೈನ್. ಸೋದರಮಾವ ಒಮ್ಮೆ ಅದು ಬೈಗುಳವೆಂದು ತಿಳಿದು ಅತ್ತೆಯ ಪರವಾಗಿ ನನ್ನ ಕಿವಿ ಹಿಂಡಿದ್ದರು.

ನಾನು ಕೆಲಸಕ್ಕೆ ಸೇರಿದ ಮೊದಲ ಚಳಿಗಾಲ. ಹುಲ್ಲಿನ ಮೇಲೆ ಬಿದ್ದ ಹಿಮ ಇನ್ನೂ ಕರಗದ ಒಂದು ಬೆಳಿಗ್ಗೆ, ಐದು ಮೈಲಿ ದೂರದ ಹಟ್ಟಿಯಿಂದ ಬಡಗರ ಮುದುಕಿಯೊಬ್ಬಳು ಮಗನೊಡನೆ ಬಂದಳು. ತಲೆಗೆ ಬಿಳಿಯ ಬಟ್ಟೆ, ಮೈಗೆ ಬಿಳಿಯ ಬಟ್ಟೆ, ಹಣೆಯ ಮೇಲೆ ಹಸಿರು ಹಚ್ಚೆ. ಅವರಲ್ಲಿ ಅಜ್ಜಿಯನ್ನು ಹೆತ್ತೆ ಎನ್ನುತ್ತಾರೆ; ನಾನೂ ಹಾಗೆಯೇ ಕರೆಯುತ್ತೇನೆ. ಮಗ ಆಲೂಗಡ್ಡೆ ಬೆಳೆಯುವವನು, ನಡುವಯಸ್ಸಿನವನು, ತಾಯಿ ಮಾತಾಡುವಾಗ ಬಾಯಿ ತೆರೆಯದವನು.

ಅವರಲ್ಲಿ ಹಿರಿಯರ ಮುಂದೆ ತಲೆ ಬಗ್ಗಿಸಬೇಕು. ಹಿರಿಯರು ತಲೆ ಮುಟ್ಟಿ "ಬದುಕು, ಬದುಕು" ಎಂದು ಹರಸುತ್ತಾರೆ. ಗೂಡಲೂರಿನ ಅಂಗಡಿಯಲ್ಲಿ ಚಿಕ್ಕಂದಿನಲ್ಲಿ ಎಷ್ಟೋ ಸಲ ನಾನೂ ತಲೆ ಬಗ್ಗಿಸಿದ್ದೆ. ಆದರೆ ಈಗ ಕರಿಕೋಟು ತೊಟ್ಟಿದ್ದೆ. ಕೈ ಎತ್ತಲು ಹೊರಟಿದ್ದ ಹೆತ್ತೆ ನನ್ನ ಕೋಟನ್ನು ನೋಡಿ ಕೈಯನ್ನು ಮಡಿಲಿಗೆ ವಾಪಸು ತೆಗೆದುಕೊಂಡಳು.

ಅವಳ ಎಡಗಡೆ, ಕತ್ತು ಭುಜಕ್ಕೆ ಸೇರುವ ಕಡೆ, ನಿಂಬೆಹಣ್ಣಿನಷ್ಟು ಗಡ್ಡೆ. ನೋವಿಲ್ಲ. ಸೌದೆಹೊರೆ ಹೊತ್ತಾಗ ಒತ್ತುತ್ತದೆ, ಅಷ್ಟೇ. ಡಾಕ್ಟರು ಎರಡು ಬೆರಳಿನಲ್ಲಿ ಅದನ್ನು ಆಚೀಚೆ ಸರಿಸಿ ನೋಡಿ, ಕೈ ತೊಳೆಯುತ್ತ ಮೂರೇ ವಾಕ್ಯ ಹೇಳಿದರು. ಇದು ಬಿನೈನ್. ಇದ್ದರೆ ಇರಲಿ. ತೊಂದರೆ ಕೊಟ್ಟರೆ ತೆಗೆದುಹಾಕೋಣ.

ಬಿನೈನ್! ಹಳೆಯ ಸ್ನೇಹಿತ ಸಿಕ್ಕಿದಷ್ಟು ಸಂತೋಷವಾಯಿತು ನನಗೆ. ಒಂದು ಗಡ್ಡೆಗೆ ದಯೆ ಹೇಗೆ ಇರುತ್ತದೆ ಎಂಬ ಸಣ್ಣ ಅನುಮಾನವೂ ಬರಲಿಲ್ಲ ಎಂದರೆ ಸುಳ್ಳಾದೀತು, ಬಂತು. ಆದರೆ ಅಷ್ಟು ಓದಿದ ಡಾಕ್ಟರು ಹೇಳುತ್ತಾರೆ ಎಂದ ಮೇಲೆ ಇದ್ದೀತು ಎಂದುಕೊಂಡೆ. ಗಂಟಲು ಸರಿಮಾಡಿಕೊಂಡು ಅವಳ ಮಾತಿನಲ್ಲಿ ಹೇಳಿದೆ: "ಹೆತ್ತೆ, ಈ ಗಡ್ಡೆ ಬಹಳ ದಯೆಯುಳ್ಳದ್ದು ಅಂತ ದೊರೆ ಹೇಳುತ್ತಾರೆ."

ಹೆತ್ತೆ ನನ್ನನ್ನು ನೋಡಿದಳು. ಡಾಕ್ಟರನ್ನು ನೋಡಿದಳು. ಆಮೇಲೆ ಬಲಗೈಯಿಂದ ಮೆಲ್ಲಗೆ ಗಡ್ಡೆಯನ್ನು ಮುಟ್ಟಿಕೊಂಡಳು. ಅವಳ ಮಾತನ್ನು ನಾನು ಬರೆಯುವಾಗ ನನ್ನ ಕಿವಿ ಅದನ್ನು ಕನ್ನಡದ ಕಡೆಗೆ ಕೊಂಚ ಎಳೆದುಕೊಂಡಿರುತ್ತದೆ, ಓದುವವರು ಕ್ಷಮಿಸಬೇಕು.

"ದಯೆಯಾ? ಯಾರ ಮೇಲ?"

ಇದನ್ನು ಡಾಕ್ಟರಿಗೆ ದಾಟಿಸುವುದು ನನ್ನ ಕೆಲಸ. ದಾಟಿಸಲಿಲ್ಲ. "ನಿನ್ನ ಮೇಲೆಯೇ. ಇನ್ನು ಯಾರ ಮೇಲೆ?" ಎಂದು ನಾನೇ ಉತ್ತರ ಕೊಟ್ಟೆ. "ಇರಲಿ ಬಿಡು ಅಂತಾರೆ. ತೊಂದರೆ ಕೊಟ್ಟರೆ ತೆಗೆದುಹಾಕುತ್ತಾರಂತೆ."

"ಪಾಪ, ಅದೇನ ತೊಂದರೆ ಕೊಡ್ತು," ಎಂದಳು ಹೆತ್ತೆ, ಬೇರೆಯವರ ಮಗುವಿನ ಪರವಾಗಿ ಮಾತಾಡುವವಳ ಹಾಗೆ.

ಬಾಗಿಲ ಬಳಿ ಬ್ಯಾಂಡೇಜು ಸುತ್ತುತ್ತಿದ್ದ ನರ್ಸಮ್ಮ ತಲೆ ಎತ್ತಿ ನನ್ನ ಮುಖವನ್ನೇ ನೋಡಿದರು. ಅವರಿಗೆ ಬಡಗರ ಮಾತು ಅರೆಬರೆ ಬರುತ್ತಿತ್ತು. ನನ್ನ ಸೊಗಸಾದ ಅನುವಾದಕ್ಕೆ ಮೆಚ್ಚಿ ನೋಡಿದರೆಂದು ನಾನು ತಿಳಿದೆ.

ಎರಡು ತಿಂಗಳ ಮೇಲೆ ಮಗ ಒಬ್ಬನೇ ಬಂದು ನನಗೆ ಒಂದು ಚೀಲ ಆಲೂಗಡ್ಡೆ ಇಳಿಸಿ ಹೋದ. ಆ ಹಂಗಾಮಿನಲ್ಲಿ ಸುತ್ತಲಿನ ಹೊಲಗಳಿಗೆಲ್ಲ ರೋಗ ಬಿದ್ದು ಗಿಡ ಕಪ್ಪಾಗಿತ್ತಂತೆ, ಅವರ ಹೊಲ ಮಾತ್ರ ಉಳಿಯಿತಂತೆ. "ಅವ್ವೆಯ ಗಡ್ಡೆಯಿಂದ, ಸಾಮಿ," ಎಂದ. ಮನೆಯ ಎಮ್ಮೆ ಎರಡು ವರ್ಷ ಗಬ್ಬವಾಗದೆ ಇದ್ದದ್ದು ಈಗ ಆಗಿದೆ, ಅದೂ ಗಡ್ಡೆಯಿಂದ. ಹಟ್ಟಿಯ ಹೆಂಗಸರು ಬಿತ್ತನೆಗೆ ಮೊದಲು ಬಂದು ಅದನ್ನು ಮುಟ್ಟಿ ಹೋಗುತ್ತಾರೆ. ತುಂಬಿದ ಬಸುರಿಯರನ್ನು ಕರೆತರುತ್ತಾರೆ. ಅವ್ವೆ ದಿನವೂ ಬೆಳಿಗ್ಗೆ ಅದಕ್ಕೆ ಬೆಣ್ಣೆ ಹಚ್ಚುತ್ತಾಳೆ. ಆ ಭುಜದ ಮೇಲೆ ಈಗ ಹೊರೆ ಇಡುವುದಿಲ್ಲ. ಸೌದೆಯೆಲ್ಲ ಸೊಸೆಯ ಪಾಲಿಗೆ.

"ನಿನ್ನ ಹೆಂಡತಿ ಏನಂತಾಳೆ?" ಎಂದು ಕೇಳಿದೆ.

ಮಗ ನೆಲ ನೋಡಿದ. "ಅವಳಿಗ ಅದು ಅಷ್ಟು ದಯೆ ಮಾಡಿಲ್ಲೆ, ಸಾಮಿ."

ನಾನು ನಕ್ಕೆ. ಆ ಆಲೂಗಡ್ಡೆಯನ್ನು ಸಂತೋಷವಾಗಿ ತಿಂದೆ. ನನ್ನ ಒಂದು ಮಾತಿನಿಂದ ಒಂದು ಹಟ್ಟಿಯೇ ನೆಮ್ಮದಿಯಾಗಿದೆ ಎಂದು ಎರಡು ದಿನ ಎದೆಯುಬ್ಬಿಸಿಕೊಂಡು ಓಡಾಡಿದೆ. ಅಷ್ಟರಲ್ಲಿ ಇನ್ನೂ ಆರೇಳು ಜನರಿಗೆ ಡಾಕ್ಟರು ಅದೇ ಶಬ್ದ ಹೇಳಿದ್ದರು. ಒಬ್ಬ ಬಾಣಸಿಗನ ರೆಪ್ಪೆಯ ಮೇಲಿನ ಗುಳ್ಳೆ, ಒಬ್ಬ ಮಾಲಿಯ ಬೆನ್ನಿನ ಗಂಟು. ಎಲ್ಲರಿಗೂ ದಯೆ ಹಂಚಿದೆ.

ಮರುವರ್ಷದ ಚಳಿಗೆ ಹೆತ್ತೆ ಮತ್ತೆ ಬಂದಳು. ಗಡ್ಡೆ ಈಗ ದೊಡ್ಡ ಕಿತ್ತಳೆಹಣ್ಣಿನಷ್ಟು. ಬೆಣ್ಣೆ ತಿಂದು ಮಿನುಗುತ್ತಿತ್ತು. ಕತ್ತು ಬಲಗಡೆಗೆ ವಾಲಿತ್ತು; ಎಡಗೈಯ ಬೆರಳುಗಳು ಜೋಮು ಹಿಡಿಯುತ್ತವೆ, ಹಾಲು ಕರೆಯಲು ಆಗುವುದಿಲ್ಲ ಎಂದು ಮಗ ಹೇಳಿದ. ಬಂದದ್ದು ಗಡ್ಡೆಗಲ್ಲ, ಬೆರಳಿಗೆ ಔಷಧಿ ಬೇಕೆಂದು.

ಡಾಕ್ಟರು ನೋಡಿ, "ಈಗ ತೆಗೆಯಬೇಕು. ನರವನ್ನು ಒತ್ತುತ್ತಿದೆ. ಅಪಾಯವೇನಿಲ್ಲ. ಒಂದು ವಾರ ಇಲ್ಲಿದ್ದರೆ ಸಾಕು," ಎಂದರು.

ನಾನು ಹೇಳಿದೆ. ಹೆತ್ತೆ ಎದ್ದು ನಿಂತಳು.

"ಬೇಡ."

"ಯಾಕೆ, ಹೆತ್ತೆ?"

"ಯಾಕ ಅಂತ ನೀ ಕೇಳ್ತೆಯಾ? ದಯೆ ಇದ್ದದ್ದು ಅಂತ ನೀನೇ ಹೇಳಿದೆ. ನಮ್ಮ ಮನೆಗ ಬಂದು, ಹೊಲ ಕಾದು, ಎಮ್ಮೆ ಕಾದು, ಇರೋದನ್ನ ಕತ್ತಿ ಹಾಕಿ ಕುಯ್ಯೋದಾ? ಬೆರಳು ಹೋದರ ಹೋಗಲಿ."

"ಏನನ್ನುತ್ತಾಳೆ?" ಎಂದರು ಡಾಕ್ಟರು.

ನನ್ನ ಬೆನ್ನಿನ ಮೇಲೆ ಬೆವರು ಇಳಿಯಿತು. ಹಿಮ ಬೀಳುವ ಬೆಳಿಗ್ಗೆ ಊಟಿಯಲ್ಲಿ ಬೆವತ ಮನುಷ್ಯರು ಬಹಳ ಇರಲಾರರು. ನಿಜ ಹೇಳಲು ಬಾಯಿ ಬರಲಿಲ್ಲ. ಅದರ ಮೇಲೆ ಅವಳಿಗೆ ಪ್ರೀತಿ ಎಂದು ಹೇಳಲು ಹೋಗಿ, "ಸರ್, ಶಿ ಈಸ್ ಅಟ್ಯಾಚ್ಡ್ ಟು ಇಟ್," ಎಂದೆ.

ಡಾಕ್ಟರು ಗಡ್ಡೆಯನ್ನೂ ಕತ್ತನ್ನೂ ಒಂದು ಕ್ಷಣ ನೋಡಿದರು. "ಅಂಟಿಕೊಂಡಿರುವುದು ನನಗೂ ಕಾಣಿಸುತ್ತದೆ," ಎಂದರು. "ಬಿಡಿಸುವುದು ಹೇಗೆಂದು ನನಗೆ ಗೊತ್ತು. ಒಪ್ಪಿಸುವುದು ನಿನ್ನ ಕೆಲಸ. ಒಂದು ವಾರ ಕೊಡುತ್ತೇನೆ."

ಅವರು ಹೋದ ಮೇಲೆ ನರ್ಸಮ್ಮ ನನ್ನನ್ನು ಔಷಧಿಯ ಬೀರುವಿನ ಹಿಂದಕ್ಕೆ ಕರೆದರು.

"ಎಂದಾ ಸಾರೇ, ಏನಿದು? ಆ ಪದಕ್ಕೆ ದಯೆ ಅಂತ ಯಾರು ಹೇಳಿದ್ದು?"

"ನಮ್ಮ ಹೆಡ್‌ಮಾಸ್ಟರು."

"ಅವರು ಗಡ್ಡೆ ಕುಯ್ತಾರಾ?"

"ಇಲ್ಲ."

"ಇವರು ಕುಯ್ತಾರೆ. ಇವರ ಬಾಯಲ್ಲಿ ಅದಕ್ಕೆ ಬೇರೆ ಅರ್ಥ. ಕೆಟ್ಟ ಗಡ್ಡೆ ಅಲ್ಲ, ಪ್ರಾಣಕ್ಕೆ ಹೆದರಿಕೆ ಇಲ್ಲ ಅಂತ. ಅಷ್ಟೇ! ಒಂದು ವರ್ಷ ನೋಡ್ತಾ ಇದ್ದೇನೆ. ನಾನೇನೋ ಸಾರ್ ಸಮಾಧಾನಕ್ಕೆ ಹಾಗೆ ಹೇಳ್ತಾ ಇದ್ದಾರೆ ಅಂತ ಸುಮ್ಮನಿದ್ದೆ."

ಡಾಕ್ಟರ ಕೋಣೆಯಲ್ಲಿ ದಪ್ಪನೆಯ ಡಿಕ್ಷನರಿ ಇತ್ತು. ಅವರು ಊಟಕ್ಕೆ ಹೋದಾಗ ತೆಗೆದು ನೋಡಿದೆ. ಮೊದಲ ಅರ್ಥ ದಯಾಳು, ಸೌಮ್ಯ. ಅದನ್ನು ಓದಿ ಅರೆಕ್ಷಣ ಧೈರ್ಯ ಬಂತು. ಅದರ ಕೆಳಗೆ, ಹವೆಯ ವಿಷಯದಲ್ಲಿ ಹಿತವಾದದ್ದು. ಇನ್ನೂ ಕೆಳಗೆ, ರೋಗದ ವಿಷಯದಲ್ಲಿ ಅಪಾಯವಿಲ್ಲದ್ದು. ನನ್ನ ಬಾಳಿನಲ್ಲಿ ನಾನು ಯಾವ ಶಬ್ದದ ಜೊತೆಗೂ ಮೊದಲ ಅರ್ಥದ ಗೆರೆ ದಾಟಿ ಹೋದವನಲ್ಲ ಎಂದು ಆಗ ತಿಳಿಯಿತು.

ಇನ್ನೊಂದು ವಿಷಯವೂ ಆಗಲೇ ಹೊಳೆಯಿತು. ಕೆಲವು ರೋಗಿಗಳ ಹತ್ತಿರ ಮಾತಾಡುವಾಗ ಡಾಕ್ಟರು ನನ್ನನ್ನು ಹೊರಗೆ ಕಳಿಸಿ, ಬಡಗರ ಮಾತು ಅರೆಬರೆ ಬರುವ ನರ್ಸಮ್ಮನನ್ನೇ ಒಳಗೆ ಕರೆಯುತ್ತಿದ್ದರು. ಆ ರೋಗಿಗಳದ್ದು ಕೆಟ್ಟ ಗಡ್ಡೆ ಇರಬೇಕು, ಹೆಚ್ಚಿನವರು ಮತ್ತೆ ಬರುತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ನನಗೆ ವಿಶ್ರಾಂತಿ ಕೊಡುತ್ತಿದ್ದಾರೆಂದು ನಾನು ವರಾಂಡದ ಬಿಸಿಲಿನಲ್ಲಿ ಕಾಲು ಚಾಚಿ ಕೂತಿರುತ್ತಿದ್ದೆ. ಇದನ್ನು ನೆನೆದಾಗ ಮಾತ್ರ ನನ್ನ ಮೇಲೆ ನನಗೆ ನಗು ಬರುವುದಿಲ್ಲ.

ಭಾನುವಾರ ಹಟ್ಟಿಗೆ ಹೊರಟೆ. ಕರಿಕೋಟು ತೊಟ್ಟೇ ಹೊರಟೆ. ತಪ್ಪೊಪ್ಪಿಗೆಗೂ ಒಂದು ಘನತೆ ಇರಲಿ ಎಂದು. ದಾರಿಯುದ್ದಕ್ಕೂ ಭಾಷಣ ಕಟ್ಟಿದೆ. ಶಬ್ದಗಳಿಗೆ ಅನೇಕ ಅರ್ಥಗಳಿರುತ್ತವೆ, ಸಂದರ್ಭದಿಂದ ಅರ್ಥ ಬದಲಾಗುತ್ತದೆ, ವಿದ್ವಾಂಸರೂ ಎಡವುತ್ತಾರೆ, ಹೀಗೆ. ಎಡವುವ ಮಾತಿನ ಹತ್ತಿರ ಬಂದಾಗ ನಿಜವಾಗಿಯೂ ಎಡವಿದೆ. ಆಲೂಗಡ್ಡೆ ಹೊಲದ ಏರಿಯ ಮೇಲೆ ಹಿಮ ಕರಗಿ ಕೆಸರಾಗಿತ್ತು. ಮೊಣಕಾಲಿನಿಂದ ಎದೆಯವರೆಗೆ ಕೆಂಪು ಮಣ್ಣು ಮೆತ್ತಿಕೊಂಡು ಹಟ್ಟಿಯ ಸಾಲುಮನೆಗಳ ಮುಂದೆ ಹೋಗಿ ನಿಂತಾಗ, ನಾಯಿಗಳು ಕೂಡ ಬೊಗಳಲು ಕೊಂಚ ಯೋಚಿಸಿದವು.

ಹೆತ್ತೆ ಬಾಗಿಲ ಮುಂದಿನ ಜಗಲಿಯ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದಳು. ಸೊಸೆ ಸೌದೆಹೊರೆ ಇಳಿಸಿ ಏದುಸಿರು ಬಿಡುತ್ತಿದ್ದಳು. ನಾನು ಕಟ್ಟಿಕೊಂಡು ಬಂದಿದ್ದ ಭಾಷಣವೆಲ್ಲ ಮರೆತುಹೋಗಿತ್ತು. ಕೋಟು ಬಿಚ್ಚಿ ಕೈಯಲ್ಲಿ ಹಿಡಿದು, ಅವಳ ಮುಂದೆ ತಲೆ ಬಗ್ಗಿಸಿದೆ. ಅವಳು ಆಶ್ಚರ್ಯಪಟ್ಟು, ಜೋಮು ಹಿಡಿದ ಎಡಗೈ ಮೇಲೇಳದೆ, ಬಲಗೈಯಿಂದ ತಲೆ ಮುಟ್ಟಿದಳು.

"ಬದುಕು, ಬದುಕು. ಏನ ಮಗಾ, ಬಿದ್ದೆಯಾ?"

"ಬಿದ್ದೆ, ಹೆತ್ತೆ. ಹೊಲದಲ್ಲೂ ಬಿದ್ದೆ, ಆಸ್ಪತ್ರೆಯಲ್ಲೂ ಬಿದ್ದೆ."

ಹೇಳಿಬಿಟ್ಟೆ. ಡಾಕ್ಟರು ಹೇಳಿದ ಶಬ್ದ ಯಾವುದು, ನಾನು ತಿಳಿದದ್ದು ಏನು, ನಿಜವಾದ ಅರ್ಥ ಏನು. "ದಯೆ ಅಂತ ಅಲ್ಲ, ಹೆತ್ತೆ. ಕೆಡುಕು ಮಾಡೋದಿಲ್ಲ ಅಂತ ಅಷ್ಟೇ. ಒಳ್ಳೆಯದನ್ನೂ ಮಾಡೋದಿಲ್ಲ. ಸುಮ್ಮನೆ ಇರುತ್ತೆ, ಬೆಳೆಯುತ್ತೆ."

ಸೊಸೆ ಹೊರೆಯ ಹಗ್ಗ ಬಿಚ್ಚುವುದನ್ನು ನಿಲ್ಲಿಸಿ ನಿಂತಿದ್ದಳು.

"ಕೆಡುಕು ಮಾಡಿಲ್ಲೆ. ಒಳ್ಳಿತೂ ಮಾಡಿಲ್ಲೆ. ಸುಮ್ಮನ ಕೂತು ತಿಂದು ಬೆಳೀತು," ಎಂದು ಹೆತ್ತೆ ಒಂದೊಂದೇ ಬೆರಳು ಮಡಿಸಿದಳು. "ಎನ್ನ ಗಂಡ ನಲವತ್ತು ವರುಷ ಹೀಂಗೇ ಇದ್ದ. ಅದಕ ಇಂಗ್ಲೀಷಿಲಿ ಏನಂತಾರ?"

"ಬಿನೈನ್," ಎಂದೆ.

"ಬಿನೈನು," ಎಂದಳು ಹೆತ್ತೆ. ಆಮೇಲೆ ನಗಲು ಶುರುಮಾಡಿದಳು. ವಾಲಿದ ಕತ್ತು ಇನ್ನೂ ವಾಲಿ, ಗಡ್ಡೆ ಅಲುಗಾಡಿ, ಕಣ್ಣಿನಲ್ಲಿ ನೀರು ಬರುವವರೆಗೆ ನಕ್ಕಳು. ಸೊಸೆ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಒಳಗಿನಿಂದ ಅವಳ ನಗುವೂ ಕೇಳಿಸಿತು. ಮಗ ಹಿತ್ತಲಿನಿಂದ ಬಂದು ಏನೆಂದು ಕೇಳಿದಾಗ, "ನಿನ್ನ ಅಪ್ಪನ ಸುದ್ದಿ," ಎಂದು ಮತ್ತೆ ನಕ್ಕಳು.

ನಾನೂ ನಕ್ಕೆ. ಕೆಲಸ ಸಲೀಸಾಗಿ ಮುಗಿಯಿತೆಂದು ಹಗುರವೂ ಆಯಿತು. ಆದರೆ ನಗು ನಿಂತ ಮೇಲೆ ಹೆತ್ತೆ ಕಣ್ಣು ಒರೆಸಿಕೊಂಡು, ಗಡ್ಡೆಯ ಮೇಲೆ ಕೈ ಇಟ್ಟುಕೊಂಡಳು.

"ಮಗಾ, ನೀ ಹೇಳಿದ ದಿನ ನಾ ಐದು ಮೈಲಿ ನಡೆದು ಬಂದದ್ದೇ ಗೊತ್ತಾಗಿಲ್ಲೆ. ಎನ್ನ ಮೈಯಿಲಿ ದಯೆ ಇದ್ದ ಒಂದು ವಸ್ತು ಇದ್ದು ಅಂತ ದೊರೆಯೇ ಹೇಳಿದ ಅಂದುಕೊಂಡೆ. ಎನ್ನ ನೋಡಿ ಅಂಥ ಮಾತು ಅದುವರೆಗ ಯಾರೂ ಹೇಳಿರ್ಲಿಲ್ಲೆ. ದಿನಾ ಬೆಳಗಾಗೆ ಬೆಣ್ಣೆ ಹಚ್ಚುವಾಗ ಅದರ ಹತ್ತಿರ ನಾಲ್ಕು ಮಾತು ಆಡ್ತಿದ್ದೆ. ಮನೆಯಿಲಿ ಎಲ್ಲರಿಗೂ ಕೆಲಸ. ಅದಕ ಕೆಲಸ ಇಲ್ಲೆ, ಕೇಳ್ತಿತ್ತು."

ಐದು ಭಾಷೆ ಬರುತ್ತದೆಂದು ಬೀಗುತ್ತಿದ್ದವನು ಜಗಲಿಯ ತುದಿಯಲ್ಲಿ ಕೂತು ಪ್ಯಾಂಟಿನ ಕೆಸರನ್ನು ಉಗುರಿನಿಂದ ಕೆರೆಯುತ್ತಿದ್ದೆ. ಸೊಸೆ ಒಳಗಿನಿಂದ ರಾಗಿಹಿಟ್ಟಿನ ಮುದ್ದೆ, ಅವರೆಕಾಳಿನ ಸಾರು ತಂದಿಟ್ಟಳು. ಅತ್ತೆಯ ಮಾತನ್ನು ಅವಳೂ ಕೇಳಿಸಿಕೊಂಡಿರಬೇಕು. ನನಗೆ ಬಡಿಸಿ ಹೋಗುವ ಬದಲು ಅತ್ತೆಯ ಪಕ್ಕದಲ್ಲಿ ಕೂತಳು.

"ಬೆರಳು ಬೇಕಲ್ಲ, ಅತ್ತೆ. ಎನ್ನ ಕೈಗ ಆ ಎಮ್ಮೆ ಹಾಲು ಬಿಡೋದಿಲ್ಲೆ," ಎಂದಳು.

ಅದು ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ. ಹೆತ್ತೆ ಅವಳ ಕಡೆ ತಿರುಗಲು ಹೋದಳು, ಕತ್ತು ತಿರುಗಲಿಲ್ಲ. ಸೊಸೆಯೇ ಎದ್ದು ಬಂದು ಎದುರಿಗೆ ಕೂತಳು.

"ಆಯ್ತು, ಕುಯ್ಯಲಿ," ಎಂದಳು ಹೆತ್ತೆ ಕೊನೆಗೆ. "ಆದರ ನೀ ಪಕ್ಕದಿಲಿ ನಿಲ್ಲಬೇಕು, ಮಗಾ. ಇಂಗ್ಲೀಷ್ ತಪ್ಪಾದರೂ ಆಗಲಿ. ಕೈ ಹಿಡ್ಕೊ."

ಮಾರನೆಯ ಬೆಳಿಗ್ಗೆ ಡಾಕ್ಟರ ಮುಂದೆ ನಿಂತು ಎಲ್ಲವನ್ನೂ ಹೇಳಿದೆ. ಗಡ್ಡೆ ದಯಾಳುವಾದದ್ದು, ಹೊಲ ಉಳಿಸಿದ್ದು, ಎಮ್ಮೆ, ಬಸುರಿಯರು, ಬೆಣ್ಣೆ. ಅವರು ಎದ್ದು ಕಿಟಕಿಯ ಹತ್ತಿರ ಹೋಗಿ ಹೊರಗಿನ ನೀಲಗಿರಿ ಮರಗಳನ್ನು ನೋಡುತ್ತ ನನಗೆ ಬೆನ್ನು ಮಾಡಿ ನಿಂತರು. ಭುಜ ಅಲುಗುತ್ತಿತ್ತು. ಕೆಲಸ ಹೋಯಿತೆಂದೇ ತಿಳಿದೆ. ತಿರುಗಿದಾಗ ಮುಖ ಗಂಭೀರವಾಗಿತ್ತು, ಕಣ್ಣು ಮಾತ್ರ ಒದ್ದೆ.

"ಬೇರೆಯವರಿಗೆ ಏನು ಹೇಳಿದ್ದೀಯೆ?"

ಬಾಣಸಿಗ, ಮಾಲಿ, ಉಳಿದವರು. ಹೇಳಿದೆ. ಅವರು ಈ ಸಲ ನಗಲಿಲ್ಲ.

"ಒಬ್ಬೊಬ್ಬರನ್ನೂ ಹುಡುಕಿಕೊಂಡು ಹೋಗಿ ಸರಿಮಾಡು. ಇನ್ನು ಮೇಲೆ ನಾನು ಹೇಳಿದ ಮಾತು ಪೂರ್ತಿ ಗೊತ್ತಾಗದಿದ್ದರೆ ನನ್ನನ್ನು ಕೇಳಬೇಕು. ಕೇಳಿದ್ದಕ್ಕೆ ನಾನು ಯಾರನ್ನೂ ಕೆಲಸದಿಂದ ತೆಗೆದಿಲ್ಲ."

ಮೂರು ಭಾನುವಾರ ಅದೇ ಕೆಲಸವಾಯಿತು. ಮಾಲಿಗೆ ತನ್ನ ಬೆನ್ನಿನ ಗಂಟಿನ ದಯೆಯ ಮೇಲೆ ಮೊದಲಿನಿಂದಲೂ ನಂಬಿಕೆ ಇರಲಿಲ್ಲವಂತೆ. ಬಾಣಸಿಗ ಮಾತ್ರ ನನ್ನನ್ನು ಒಳಗೆ ಬಿಡದೆ ಬಾಗಿಲಲ್ಲಿಯೇ ಕೇಳಿ, "ಹಾಗಾದ್ರೆ ಒಂದು ವರ್ಷ ಸುಮ್ಮನೆ ಖುಷಿಯಾಗಿದ್ದೆನಾ?" ಎಂದು ಜಗಳಕ್ಕೆ ಬಂದ.

ನಾನು ಡಾಕ್ಟರಿಗೆ ಎಲ್ಲ ಹೇಳಿದ ವಾರದ ಕೊನೆಯಲ್ಲಿಯೇ ಹೆತ್ತೆಯ ಆಪರೇಷನ್ ಆಗಿತ್ತು. ಅವಳು ನಿದ್ದೆ ಹೋಗುವವರೆಗೆ ನಾನು ಪಕ್ಕದಲ್ಲಿ ಇರಬಹುದೆಂದು ಡಾಕ್ಟರು ಒಪ್ಪಿದ್ದರು. ಬಿಳಿಯ ಬಟ್ಟೆ ಹೊದ್ದು ಮಲಗಿದ್ದ ಹೆತ್ತೆಯ ಕೈ ಹಿಡಿದುಕೊಂಡೆ. ನೆಲ ಅಗೆದು ಒರಟಾದ ಕೈ. ನರ್ಸಮ್ಮ ಮೂಗಿನ ಮೇಲೆ ಬಟ್ಟೆ ಇಟ್ಟು ಕ್ಲೋರೋಫಾರಮ್ಮಿನ ಹನಿ ಬಿಡಲು ತೊಡಗಿದರು. "ಹೆದರಬೇಡ, ಹೆತ್ತೆ, ನಾನಿದ್ದೇನೆ," ಎಂದೆ. ಸಿಹಿಯಾದ ವಾಸನೆ. ಪಕ್ಕದ ತಟ್ಟೆಯ ಮೇಲೆ ಸಾಲಾಗಿ ಇಟ್ಟಿದ್ದ ಕತ್ತಿಗಳ ಕಡೆ ಕಣ್ಣು ಹೋಯಿತು. ಅವುಗಳಲ್ಲಿ ಅತಿ ಸಣ್ಣದನ್ನು ಡಾಕ್ಟರು ಕೈಗೆ ತೆಗೆದುಕೊಂಡದ್ದು ನೆನಪಿದೆ. ಆಮೇಲೆ ನೆನಪಿರುವುದು ವರಾಂಡದ ಬೆಂಚು, ಹಣೆಯ ಮೇಲೆ ಒದ್ದೆ ಬಟ್ಟೆ.

ಕತ್ತಿ ಹೆತ್ತೆಯನ್ನು ಮುಟ್ಟುವ ಮೊದಲೇ ನಾನು ಉರುಳಿದ್ದೆನಂತೆ. ಬೀಳುವಾಗಲೂ ಅವಳ ಕೈ ಬಿಟ್ಟಿರಲಿಲ್ಲವಂತೆ. ಬಿಡಿಸಲು ಇಬ್ಬರು ಬೇಕಾಯಿತು ಎಂದು ನರ್ಸಮ್ಮ ಮುಂದೆ ಎಷ್ಟೋ ವರ್ಷ ಎಲ್ಲರ ಮುಂದೆ ಹೇಳುತ್ತಿದ್ದರು. ಕೈ ಬಿಡಲಿಲ್ಲವಲ್ಲ ಎಂದು ನಾನು ಅದರಲ್ಲೊಂದು ಹೊಗಳಿಕೆಯನ್ನು ಹುಡುಕಿಕೊಳ್ಳುತ್ತಿದ್ದೆ.

ಮಧ್ಯಾಹ್ನ ಎಚ್ಚರವಾದ ಮೇಲೆ ಹೆತ್ತೆ ಮೊದಲು ಕೇಳಿದ್ದು ನನ್ನನ್ನು. ಎರಡನೆಯದಾಗಿ ಗಡ್ಡೆಯನ್ನು. ನರ್ಸಮ್ಮ ಅದನ್ನು ಬಿಳಿಯ ತಟ್ಟೆಯಲ್ಲಿ ತಂದು ತೋರಿಸಿದರು. ಹಳದಿಯಾಗಿ, ಮೆತ್ತಗೆ, ಆಗತಾನೆ ಕಡೆದು ತೆಗೆದ ಬೆಣ್ಣೆಯ ಉಂಡೆಯ ಹಾಗೆ ಇತ್ತು. ಹೆತ್ತೆ ದೀರ್ಘವಾಗಿ ನೋಡಿದಳು.

"ನಾ ತಿಕ್ಕಿದ ಬೆಣ್ಣೆಯೆಲ್ಲ ಇಲ್ಲೇ ಬಂದು ಕೂತಿತ್ತಾ?"

ಡಾಕ್ಟರು ಏನೆಂದು ಕೇಳಿದರು. ಈ ಸಲ ಒಂದು ಅಕ್ಷರವೂ ಬಿಡದೆ ದಾಟಿಸಿದೆ. ಅವರು ನಕ್ಕು, ಅದು ಬರೀ ಕೊಬ್ಬು, ಅವಳು ಹೇಳಿದ್ದು ಹೆಚ್ಚುಕಡಿಮೆ ಸರಿಯೇ ಎಂದರು.

ಹೊಲಿಗೆ ಬಿಚ್ಚಿಸಿಕೊಂಡು ಹೋದ ಹೆತ್ತೆ ಒಂದೂವರೆ ತಿಂಗಳಿಗೆ ಮತ್ತೆ ಬಂದಳು. ಈ ಸಲ ಯಾರೂ ಕರೆದಿರಲಿಲ್ಲ. ಕತ್ತು ನೆಟ್ಟಗಾಗಿತ್ತು. ಎಡಭುಜದ ಮೇಲೆ ಸಣ್ಣದೊಂದು ಸೌದೆಹೊರೆ. ಡಾಕ್ಟರು ಇನ್ನೂ ಹೊರೆ ಹೊರಬೇಡ ಎಂದಿದ್ದರು. ಅದನ್ನು ನಾನು ಸರಿಯಾಗಿಯೇ ಹೇಳಿದ್ದೆ, ನರ್ಸಮ್ಮ ಸಾಕ್ಷಿ. ಹೊರೆಯನ್ನು ಡಾಕ್ಟರ ಬಾಗಿಲಲ್ಲಿ ಇಳಿಸಿ, ಎಡಗೈಯ ಐದು ಬೆರಳನ್ನೂ ಅವರ ಮುಖದ ಮುಂದೆ ಮಡಿಸಿ ಬಿಚ್ಚಿ ತೋರಿಸಿದಳು. ಸೌದೆ ದೊರೆಯ ಮನೆಯ ಒಲೆಗಂತೆ.

ಡಾಕ್ಟರು ಗಾಯದ ಗುರುತನ್ನು ನೋಡಿ ತೃಪ್ತಿಪಟ್ಟು, ನನ್ನ ಕಡೆ ತಿರುಗಿ, "ಟೆಲ್ ಹರ್ ಶಿ ಈಸ್ ಎ ವೆರಿ ಗುಡ್ ಪೇಷೆಂಟ್," ಎಂದರು.

ಬಾಯಿ ತೆರೆದವನು ಮುಚ್ಚಿದೆ. ಪೇಷೆಂಟ್ ಎಂದರೆ ರೋಗಿ. ದಿನವೂ ನೂರು ಸಲ ಕೇಳುವ ಮಾತು. ಆದರೆ ತಾಳ್ಮೆಯುಳ್ಳವರನ್ನೂ ಹಾಗೆ ಕರೆಯುತ್ತಾರೆಂದು ಎಲ್ಲಿಯೋ ಓದಿದ್ದೆ. ಒಳ್ಳೆಯ ರೋಗಿ ಎನ್ನಲೋ, ಬಹಳ ತಾಳ್ಮೆಯವಳು ಎನ್ನಲೋ? ನರ್ಸಮ್ಮ ನೋಡುತ್ತಿದ್ದರು. ಹೆತ್ತೆ ಕಾಯುತ್ತಿದ್ದಳು.

"ಸರ್," ಎಂದೆ, "ರೋಗಿ ಎಂಬ ಅರ್ಥದಲ್ಲೋ, ತಾಳ್ಮೆ ಎಂಬ ಅರ್ಥದಲ್ಲೋ?"

ಡಾಕ್ಟರು ಸ್ವಲ್ಪ ಯೋಚಿಸಿದರು. "ನಾನು ಅಂದುಕೊಂಡದ್ದು ರೋಗಿ ಎಂದು. ಈಗ ನೋಡಿದರೆ ಎರಡನ್ನೂ ಹೇಳಬಹುದು."

ಎರಡನ್ನೂ ಹೇಳಿದೆ. ಒಂದಾದ ಮೇಲೆ ಒಂದು, ಬಿಡಿಸಿ ಬಿಡಿಸಿ, ಯಾವುದು ಡಾಕ್ಟರ ಮೊದಲ ಅರ್ಥ, ಯಾವುದು ಎರಡನೆಯದು ಎಂದು ವಿವರಿಸಿದೆ. ಹೆತ್ತೆ ಪೂರ್ತಿ ಕೇಳಿದಳು. ಆಮೇಲೆ ನರ್ಸಮ್ಮನ ಕಡೆ ತಿರುಗಿ, ಈಗ ಸರಾಗವಾಗಿ ತಿರುಗುವ ಕತ್ತಿನಿಂದ, ಕೇಳಿದಳು:

"ದೊರೆ ಆಡಿದ್ದು ಇಷ್ಟೇ ಮಾತು. ಇವನು ಯಾಕ ಇಷ್ಟು ಹೊತ್ತು ಹೇಳ್ತಾನ?"